ಬಾಯಲ್ಲಿ ಮೊಳೆ

ಆರಾಮಾಗಿ ಮಾತಾಡೋಣ ಎಂದು ತಮ್ಮ ಹೇಳಿದಾಗಲೇ ಅಕ್ಕನ ಮೈ ಉರಿದಿತ್ತು. ಅವನಿಗೇನು, ಹುಟ್ಟಿದಾಗಿನಿಂದ ಆರಾಮಾಗಿಯೇ ಇದ್ದಾನೆ. ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಪ್ಪನ ಅಂಗಡಿಯಲ್ಲಿ ದಿನವಿಡೀ ಕತ್ತರಿ ಹಿಡಿದು ಬಗ್ಗಿ ನಿಲ್ಲುವವಳು ಇವಳು. ಗಿರಾಕಿಗಳ ಜೊತೆ ನಗುನಗುತ್ತಾ ಹರಟಿ, ಅಳತೆ ತಪ್ಪಾಗಿ ಬರೆದುಕೊಂಡು ಬರುವವನು ಅವನು.

"ಅಂಗಡೀಲಿ ಬರೀ ಧೂಳು, ಗಲಾಟೆ. ಕಾಫಿ ಶಾಪಲ್ಲಿ ಮೀಟಿಂಗ್ ಮಾಡೋಣ ಅಕ್ಕ. ಈಗೆಲ್ಲಾ ಹಾಗೇ ಮಾಡ್ತಾರೆ," ಎಂದಿದ್ದ.

ಅವಳು ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಧೂಳು ಎದೆಗೆ ಆಗುವುದಿಲ್ಲ, ಕೆಲಸ ಬಿಡಿ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದರು. ಅಂಗಡಿ ಯಾರ ಕೈಗೆ ಎಂದು ಅಂದಿನಿಂದ ಅವಳು ಕೇಳುತ್ತಲೇ ಇದ್ದಳು. ಕೇಳಿ ಏನು ಬಂತು? ಅಪ್ಪನ ಬಾಯಲ್ಲಿ ಸದಾ ಮೊಳೆ. ಹಳೇ ಕಸುಬುದಾರರ ಪದ್ಧತಿ ಅದು. ಒಂದು ಹಿಡಿ ಚಿಕ್ಕ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯುವುದು. ಹೀಗಾಗಿ ಏನು ಕೇಳಿದರೂ ಒಂದೇ "ಹ್ಞೂಂ". ಹೌದೋ ಅಲ್ಲವೋ ದೇವರೇ ಬಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಹ್ಞೂಂ ಅಂದರೆ 'ನಿನಗೇ ಮಗಳೇ' ಎಂದು ಅವಳು ನಂಬಿಕೊಂಡು ಬಂದಿದ್ದಳು. ಈಗ ಚಿತ್ರಮಂದಿರದ ಸೀಟುಗಳ ದೊಡ್ಡ ಕೆಲಸ ಬಂದಿತ್ತು. ಅಂಗಡಿಯ ಪರವಾಗಿ ಸಹಿ ಹಾಕುವವರು ಯಾರು ಎಂದು ಸಂಜೆಯೊಳಗೆ ತಿಳಿಸಬೇಕಿತ್ತು. ಕಾಫಿ ಕುಡಿಯುವಾಗಲಾದರೂ ಬಾಯಲ್ಲಿ ಮೊಳೆ ಇರುವುದಿಲ್ಲವಲ್ಲ ಎಂದು ಹೊರಟಳು. ಅಂಗಡಿಯ ಹೊಲಿಗೆ ಮೆಷಿನ್ ತುಳಿಯುವ ಚಿಕ್ಕಮ್ಮನೂ ಜೊತೆಗೆ ಬಂದಳು.

ಕಾಫಿ ಶಾಪಿನಲ್ಲಿ ಕೂರುವುದೇ ದೊಡ್ಡ ರಾಮಾಯಣವಾಯಿತು. ಅಪ್ಪ ಒಂದು ಸೋಫಾ ಮೇಲೆ ಕೂತ, ಎದ್ದ, ಇನ್ನೊಂದರ ಮೇಲೆ ಕೂತು ಎರಡು ಸಲ ಕುಲುಕಿದ.

"ಸ್ಪ್ರಿಂಗ್ ಸತ್ತಿದೆ," ಎಂದ.

ಚಿಕ್ಕಮ್ಮ ದಿಂಬಿನ ಅಂಚು ಎಳೆದು ನೋಡಿದಳು. "ಇದು ಹೊಲಿಗೇನೋ, ಕೋಳಿ ಕೆರೆದಿದ್ದೋ?"

ತಮ್ಮ ನೊರೆಗಾಫಿ ತರಿಸಿದ. ಚಿಕ್ಕಮ್ಮ ಊದಿದಳು, ಮತ್ತೆ ಊದಿದಳು. "ಕಾಫಿ ಎಲ್ಲಪ್ಪಾ ಇದ್ರಲ್ಲಿ? ಬಟ್ಟೆ ಒಗೆದ ನೀರಿನ ಹಾಗಿದೆ."

"ಅಪ್ಪ, ಒಂದೇ ಮಾತು ಕೇಳ್ತೀನಿ," ಎಂದಳು ಅಕ್ಕ. "ಅಂಗಡಿ ಯಾರಿಗೆ?"

"ಬಂದ ತಕ್ಷಣ ಅದೇನಾ ಅಕ್ಕ? ಸ್ವಲ್ಪ ಆರಾಮಾಗಿ..."

"ನಿನ್ನ ಆರಾಮಕ್ಕಿಷ್ಟು ಬೆಂಕಿ ಹಾಕ! ನೀನು ಸುಮ್ನಿರೋ."

ಅಪ್ಪ ಕಪ್ಪನ್ನು ಬಾಯಿಗಿಟ್ಟು ಸೊರ್ ಎಂದು ಹೀರಿದ. ಕಪ್ಪು ಕೆಳಗಿಡುವುದನ್ನೇ ಕಾದು ಅವಳು ಮತ್ತೆ ಕೇಳಿದಳು. ಅಪ್ಪ ಮತ್ತೆ ಎತ್ತಿದ. ಅದರಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ, ಆದರೂ ಹೀರಿದ. ಮೂರನೇ ಸಲ ಅವಳು ಬಾಯಿ ತೆರೆಯುವಷ್ಟರಲ್ಲಿ ಈ ಮಹಾನುಭಾವ ನೆಲಕ್ಕೆ ಮೊಣಕಾಲೂರಿ, ಸೋಫಾದ ಅಡಿಗೆ ತಲೆ ತೂರಿಸಿಯೇ ಬಿಟ್ಟ.

ಕಾಫಿ ಕೊಡುವವನು ಓಡಿ ಬಂದ. "ಸರ್, ಏನಾದ್ರೂ ಬಿತ್ತಾ?"

"ನಮ್ಮ ಮರ್ಯಾದೆ ಬಿತ್ತಪ್ಪ, ಹುಡುಕ್ತಾ ಇದ್ದಾರೆ," ಎಂದಳು ಚಿಕ್ಕಮ್ಮ.

ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಸುತ್ತ ಕೂತವರೆಲ್ಲ ನೋಡುತ್ತಿದ್ದರು. ನೋಡಲಿ, ಹಾಳಾಗಿ ಹೋಗಲಿ ಎಂದು ತಾನೂ ಮೊಣಕಾಲೂರಿ ಅಪ್ಪನ ಪಕ್ಕದಲ್ಲೇ ತಲೆ ತೂರಿಸಿದಳು.

"ಅಡಿಬಟ್ಟೆ ಹರಿದಿದೆ ನೋಡು," ಎಂದ ಅಪ್ಪ.

"ಹರೀಲಿ. ಈಗ ಬಾಯಲ್ಲಿ ಮೊಳೆ ಇಲ್ಲ, ಕಾಫಿ ಇಲ್ಲ. ಹೇಳು."

ಅಪ್ಪ ಹರಿದ ಬಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತಾ ಇದ್ದ. "ಅಂಗಡಿ ಅವನಿಗಿರಲಿ," ಎಂದ, ಬಹಳ ಮೆಲ್ಲಗೆ.

"ಅವನಿಗಾ? ಒಂದು ಕುರ್ಚಿಗೆ ಎಷ್ಟು ಬಟ್ಟೆ ಬೇಕು ಅಂತ ಗೊತ್ತಾ ಅವನಿಗೆ?"

"ಗೊತ್ತಿಲ್ಲ. ಅದಕ್ಕೇ ಕಣಮ್ಮ. ಅಂಗಡಿ ಇಲ್ದಿದ್ರೆ ಅವನು ಬೀದಿಗೆ ಬರ್ತಾನೆ. ನಿನ್ನ ಕೈಯಲ್ಲಿ ಕಸುಬಿದೆ. ಕತ್ತರಿ ಹಿಡಿದ್ರೆ ನನಗಿಂತ ಒಂದು ಕೈ ಮೇಲು ನೀನು. ಎಲ್ಲಿ ಹೋದ್ರೂ ಬದುಕ್ತೀಯ."

ಅಪ್ಪನ ಬಾಯಿಂದ ಇಂಥ ಒಂದು ಮಾತು ಬೀಳಲಿ ಎಂದು ಅವಳು ಎಷ್ಟು ವರ್ಷ ಕಾದಿದ್ದಳೋ. ಚೆನ್ನಾಗಿ ಕತ್ತರಿಸಿದ ದಿನವೂ ಹ್ಞೂಂ, ಕೆಡಿಸಿದ ದಿನವೂ ಹ್ಞೂಂ. ಕೊನೆಗೂ ಬಂದ ಹೊಗಳಿಕೆ ಬಂದದ್ದು ಹೀಗೆ, ಕೊಡಲಿ ಪೆಟ್ಟಾಗಿ. ಅಳು ಬಂತು. ಅದು ಕಣ್ಣು ತಲುಪುವ ಮೊದಲೇ ಸಿಟ್ಟು ಬಂದು ಅದನ್ನು ತಳ್ಳಿಹಾಕಿತು.

ಅವಳು ಎದ್ದು ಮೊಣಕಾಲು ಕೊಡವಿಕೊಂಡಳು. ತಮ್ಮನ ಮೀಸೆಯ ಮೇಲೆ ನೊರೆ ಮೆತ್ತಿತ್ತು.

"ಮಾತು ಮುಗೀತಾ ಅಕ್ಕ? ಸಹಿ ಬೇಕಾದ್ರೆ ನಾನೇ ಹಾಕ್ತೀನಿ, ಅದೇನ್ ಮಹಾ. ನಾಳೆ ಬೆಳಿಗ್ಗೇನೇ ನೀನು ಕಟಿಂಗ್ ಶುರು ಮಾಡ್ಬಿಡು."

"ನೀನೇ ಮಾಡ್ಕೋ," ಎಂದು ಅವಳು ಚೀಲ ಹೆಗಲಿಗೇರಿಸಿದಳು.

ತಮ್ಮ ನಕ್ಕ. ಅವಳು ನಗದಿದ್ದುದನ್ನು ನೋಡಿ ಅವನ ನಗೆ ನಿಂತಿತು. "ಅಕ್ಕ, ನಂಗೆ ಕಟಿಂಗ್ ಬರಲ್ಲ ಅಂತ ಗೊತ್ತಲ್ವಾ ನಿಂಗೆ?"

"ಗೊತ್ತು ಕಣೋ," ಎಂದಳು ಅಕ್ಕ. "ಅಪ್ಪಂಗೂ ಗೊತ್ತು. ಅದಕ್ಕೇ ನಿಂಗೆ ಅಂಗಡಿ ಸಿಕ್ಕಿದ್ದು."