ಒಪ್ಪೊತ್ತಿನ ಕೊಲಾತ್ಸಿಯ

ಎಷ್ಟು ಕೆಂಪು ಈ ಬೀಟ್‌ರೂಟ್ ಸಾರು, ಹಬೆಯಲ್ಲಿ ಸಬ್ಬಸಿಗೆ ಸೊಪ್ಪಿನ ಘಮ, ದೊರೊತಾ ಸೌಟಿಗೇ ಬಾಯಿಟ್ಟು ಹೀರಿ ಉಪ್ಪು ನೋಡುತ್ತಾಳೆ, ಅದೇ ಸೌಟು ಮತ್ತೆ ಪಾತ್ರೆಯೊಳಗೆ — ಅಯ್ಯೋ ಎಂಜಲು — ಎಂದಿತು ಮನಸ್ಸು, ನನ್ನ ಬಾಯಿ ತಾನಾಗಿ ಬೇರೇನೋ ಅಂದುಬಿಟ್ಟಿತು, ಇವತ್ತು ನಂಗೆ ಒಪ್ಪೊತ್ತು ಕಣಮ್ಮ, ರಾತ್ರಿ ಏನೂ ತಿನ್ನಲ್ಲ. ಭಾನುವಾರ ಯಾವ ದೇವರಿಗೆ ಒಪ್ಪೊತ್ತು? ಅವಳಿಗೇನು ಗೊತ್ತು, ಪೋಲೆಂಡಿನ ಹುಡುಗಿ, ಬಾಗಲೂರಿನ ಕಡೆ ಶಾಲೆಯೊಂದರಲ್ಲಿ ಪಿಟೀಲು ಕಲಿಸಲು ಬಂದು ನಮ್ಮ ಮಹಡಿಗೆ ಬಾಡಿಗೆಗೆ ಸೇರಿದವಳು, ಅಜ್ಜಿಗೆ ಮಂಡಿನೋವು ಎಂದು ನಡುಮೆಟ್ಟಿಲಲ್ಲಿ ಸ್ಟೂಲು ಇಟ್ಟವಳು. ಬೆಳಿಗ್ಗೆ ಎಷ್ಟು ಆಸೆಯಿಂದ ಕರೆದಳು, ನಮ್ಮಿಬ್ಬರ ಎಂದಿನ ಇಂಗ್ಲಿಷಿನಲ್ಲಿ, ಅಜ್ಜಿ, ನಮ್ಮಲ್ಲಿ ರಾತ್ರಿ ಊಟ ಕೊಲಾತ್ಸಿಯ, ಲ್ಯಾಟಿನ್ ಮಾತು, ತಂದು ಒಟ್ಟು ಸೇರಿಸೋದು ಅಂತ, ಹಿಂದೆ ಕ್ರೈಸ್ತ ಸನ್ಯಾಸಿಗಳು ಸಂಜೆ ಸೇರಿ ಪುಸ್ತಕ ಓದ್ತಿದ್ರು, ಮೊದ್ಲು ಹೆಸರು ಆ ಓದಿಗೆ, ಆಮೇಲೆ ಸ್ವಲ್ಪ ತಿಂತಿದ್ರು, ಹೆಸರು ತಿನ್ನೋದಕ್ಕೆ ಬಂತು. ಬಿ.ಎ. ಓದಿದ ನನಗೆ ಖುಷಿಯಾಗಿತ್ತು, ದಿನವೆಲ್ಲ ನಾಲಗೆಯ ಮೇಲೆ ಅದೇ ಮಾತು. ಈಗ ಅವಳ ಮುಖ ಇನ್ನೂ ಅರಳುತ್ತದೆ, ಉಪವಾಸನಾ ಅಜ್ಜಿ, ಸರೀನೇ ಆಯ್ತು, ಆ ಸನ್ಯಾಸಿಗಳೂ ಉಪವಾಸದ ದಿನಾನೇ ಅದನ್ನ ತಿಂತಿದ್ದಿದ್ದು, ಒಂದೇ ಚಮಚ? ಬೇಡಮ್ಮ, ದೇವ್ರು ಮುನಿಸ್ಕೋತಾನೆ — ದೇವರ ಮೇಲೂ ಹಾಕಿದೆ. ಕಾಲೇಜಿನಲ್ಲಿ ಗೆಳತಿ ಗೌಹರ್ ಕಚ್ಚಿ ಕೊಟ್ಟ ಸೀಬೆಹಣ್ಣನ್ನು ಅಲ್ಲೇ ಕಚ್ಚಿ ತಿಂದವಳು ನಾನು, ಅದರ ರುಚಿ ಇನ್ನೂ ನೆನಪಿದೆ, ಆಗ ಎಲ್ಲಿತ್ತು ಈ ಎಂಜಲು, ಮುದುಕಿಯಾದ ಮೇಲೆ ಎಲ್ಲಿಂದ ಬಂದು ಕೂತಿತು, ಅಮ್ಮನ ಗಂಟಲೇ ನನ್ನ ಗಂಟಲಲ್ಲಿ. ದೊರೊತಾ ಪಾತ್ರೆಗೆ ಮುಚ್ಚಳ ಹಾಕುತ್ತಾಳೆ, ಹಾಗಾದ್ರೆ ನಂಗೂ ಬೇಡ, ಒಬ್ರೇ ತಿಂದ್ರೆ ಅದು ಕೊಲಾತ್ಸಿಯ ಅಲ್ಲ. ಮಧ್ಯಾಹ್ನದಿಂದ ನಿಂತು ಬೇಯಿಸಿದವಳು, ಹಸಿದಿದ್ದಾಳೆ, ಬ್ರೆಡ್ಡಿನ ಕಡೆ ನೋಡಿ ಕಣ್ಣು ತೆಗೆದಳು, ಹೇಳಿಬಿಡಲೇ, ಸುಳ್ಳು ಕಣೇ, ಬಡಿಸು ಅಂತ, ಈಗ ಹೇಳಬೇಕು, ಈಗ — ಕೆಳಗಿನಿಂದ ಸೊಸೆ ಕಲಾವತಿಯ ಕೂಗು, ಅತ್ತೇ, ಇನ್ನೂ ಎಷ್ಟೊತ್ತು, ಬೇಗ್ ಬನ್ನಿ ಊಟಕ್ಕೆ, ಬಾಡ್ಸಾರು ಮಾಡೀವ್ನಿ, ಮುದ್ದೆ ಆರೋಯ್ತದೆ! ಊಟ ಎಂಬ ಕನ್ನಡದ ಮಾತು ದೊರೊತಾಗೆ ಗೊತ್ತು. ಮುದ್ದೆಯೂ ಗೊತ್ತು, ನಾನೇ ತಿನ್ನಲು ಕಲಿಸಿದ್ದು. ಅವಳು ನನ್ನನ್ನು ನೋಡಲಿಲ್ಲ, ಪಾತ್ರೆಯಿಂದ ಹೊರಚಾಚಿದ್ದ ಸೌಟನ್ನು ನೋಡಿದಳು, ಬೆರಳು ಮೆಲ್ಲಗೆ ತನ್ನ ತುಟಿಗೆ ಹೋಯಿತು, ನಿಂತಿತು. ಸೌಟು ಹೊರತೆಗೆದಳು. ನಲ್ಲಿ ತಿರುಗಿಸಿದಳು. ನನ್ನ ಕಡೆ ಅವಳ ಬೆನ್ನು, ಸೋಪು ಹಚ್ಚಿ ಸೌಟು ತೊಳೆಯುತ್ತಿದ್ದಾಳೆ, ನೊರೆಯೆಲ್ಲ ಹೋಯಿತು, ಸೌಟು ಬೆಳ್ಳಗೆ ಹೊಳೆಯುತ್ತಿದೆ, ಮತ್ತೆ ಸೋಪು ಹಚ್ಚುತ್ತಿದ್ದಾಳೆ, ಸೌಟು, ನೀರು, ಸೌಟು —