ಬಂಪರ್ ಹಿಂದೆ ಕಟ್ಟಿದ ಫಿಲ್ಟರ್

ಮಳೆ ಬಂದರೆ ನಮ್ಮ ಕಡೆ ರೈಲ್ವೆ ಸೇತುವೆ ಕೆಳಗೆ ನೀರು ನಿಲ್ಲುತ್ತದೆ. ಆಟೋ ದಾಟುತ್ತದೆ, ಟ್ರ್ಯಾಕ್ಟರ್ ದಾಟುತ್ತದೆ. ಫಾಜಿಲ್‌ನ ಕೆಂಪು ಸ್ಪೋರ್ಟ್ಸ್ ಕಾರು ದಾಟಲಿಲ್ಲ.

ಫಾಜಿಲ್‌ಗೆ ಚಿತ್ರದುರ್ಗದಲ್ಲಿ ಬಳೆ ಅಂಗಡಿ. ವರ್ಷಗಟ್ಟಲೆ ಆಸೆಪಟ್ಟು ಆ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದ. ಕಂಪನಿಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಕಾರು ಅಲಂಕಾರದ ಅಂಗಡಿಯೊಂದರಲ್ಲಿ ಬೇರೆ ಏರ್ ಇನ್‌ಟೇಕ್ ಹಾಕಿಸಿದ. ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ. ಅದರ ತುದಿಯಲ್ಲಿ ಮುಚ್ಚಳವಿಲ್ಲದ ಫಿಲ್ಟರ್.

ಪಕ್ಕದ ಮನೆಯ ಮಮತಾ ಐಟಿಐನಲ್ಲಿ ಮೋಟಾರು ಕೆಲಸ ಕಲಿಸುವವರು. ನೆಲಕ್ಕೆ ಬಗ್ಗಿ ನೋಡಿದವರೇ ಮುಖ ಗಂಟಿಕ್ಕಿದರು.

"ಈ ಫಿಲ್ಟರ್ ಎಲ್ಲೈತೆ ನೋಡಿದ್ಯೇನಪ್ಪ? ಬಂಪರ್ ಹಿಂದೆ, ನೆಲದಿಂದ ಒಂದು ಗೇಣು ಮೇಲೆ!"

"ಕೆಳಗೆ ತಂಪು ಗಾಳಿ ಸಿಗ್ತದಂತೆ ಅಕ್ಕ. ಪವರ್ ಜಾಸ್ತಿಯಂತೆ. ಸೌಂಡ್ ಕೇಳ್ರಿ ಒಂದ್ಸಲ!"

"ಪವರ್ ಒಂಚೂರು ಬರ್ಬೋದು. ಆದ್ರೆ ರಸ್ತೇಲಿ ನೀರು ನಿಂತ್ರೆ ಇದು ಗಾಳಿ ಬದ್ಲು ನೀರೇ ಎಳಿತೈತೆ. ನಮ್ಮ ಧೂಳಿಗೆ ಆಗಾಗ ಬಿಚ್ಚಿ ತೊಳಿಬೇಕು ಬೇರೆ."

"ಜೀವಮಾನ ಪೂರ್ತಿ ಬಿಚ್ಚಿ ತೊಳೆಯೋದೇ ಬ್ಯಾಡ ಅಂತ ಅಂಗಡಿಯೋನು ಹೇಳವ್ನೆ."

"ಅಕ್ಕ ಹೇಳೋದು ಕೇಳ್ರೀ," ಎಂದಳು ಹೆಂಡತಿ ಶಬನಾ.

"ಊರಾಗೆ ಎಲ್ರೂ ಹಾಕ್ಸವ್ರೆ ಬಿಡು," ಎಂದು ಫಾಜಿಲ್ ನಕ್ಕ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ. ಎಂಟು ತಿಂಗಳ ಬಸುರಿ ತಂಗಿ ಆತಿಕಾಳನ್ನು ಹಿರೇಗುಂಟನೂರಿನಿಂದ ಚಿತ್ರದುರ್ಗದ ಆಸ್ಪತ್ರೆಗೆ ತಪಾಸಣೆಗೆ ಫಾಜಿಲ್ ಕರೆತರುತ್ತಿದ್ದ. ದೊಡ್ಡ ಮಳೆ ಆಗಷ್ಟೇ ನಿಂತಿತ್ತು. ಸೇತುವೆ ಕೆಳಗೆ ಕೆಂಪು ನೀರು.

"ಭಾಯ್, ಬ್ಯಾಡ, ನಿಲ್ಸು," ಎಂದಳು ಆತಿಕಾ.

ಮುಂದಿದ್ದ ಆಟೋ ದಾಟಿದ್ದನ್ನು ನೋಡಿ ಫಾಜಿಲ್ ನುಗ್ಗಿಸಿದ. ನಡುನೀರಿನಲ್ಲಿ ಇಂಜಿನ್ ಗಪ್ಪಂತ ನಿಂತಿತು. ಗಾಬರಿಯಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ. ಮೂರನೇ ಸಲ ಒಳಗೆ ಏನೋ ಲಟಕ್ಕೆಂದಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ಆತಿಕಾ ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು.

ದಿಬ್ಬದ ಮೇಲೆ ಕುರಿ ಮೇಯಿಸುತ್ತಿದ್ದ ಓಬಣ್ಣ, ಏಕನಾಥಮ್ಮ ದಂಪತಿ ಓಡಿ ಬಂದರು. ಇಬ್ಬರೂ ನೀರಿಗಿಳಿದು ಅವಳನ್ನು ಎರಡೂ ಕಡೆ ಹಿಡಿದು ದಡಕ್ಕೆ ತಂದರು. ಏಕನಾಥಮ್ಮ ತನ್ನ ಕಂಬಳಿ ಹೊದಿಸಿ, ಹಾಲಿನ ವ್ಯಾನೊಂದನ್ನು ಕೈ ಅಡ್ಡಹಾಕಿ ನಿಲ್ಲಿಸಿದಳು.

"ಬಸುರಿ ಹೆಣ್ಮಗಳನ್ನ ಕುಂಡ್ರಿಸ್ಕೊಂಡು ನೀರಿಗೆ ಇಳಿತೀಯಲ್ಲೋ, ಬುದ್ಧಿ ಐತೇನು ನಿಂಗೆ?" ಓಬಣ್ಣ ಗದರಿದ. ಫಾಜಿಲ್ ತಂಗಿಯನ್ನು ವ್ಯಾನಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದ.

ಆತಿಕಾ ಎರಡು ದಿನ ಆಸ್ಪತ್ರೆಯಲ್ಲಿದ್ದಳು. ದೇವರ ದಯೆ, ಮಗುವಿಗೆ ಏನೂ ಆಗಲಿಲ್ಲ. ಕಾರಿನ ಇಂಜಿನ್ ಬಿಚ್ಚಿ ನೋಡಿದರೆ, ಫಿಲ್ಟರ್ ಎಳೆದ ನೀರು ತುಂಬಿ ಒಳಗಿನ ರಾಡು ಬಗ್ಗಿಹೋಗಿತ್ತು.

ಮಮತಾ ಫಾಜಿಲ್‌ನನ್ನು ಕರೆದುಕೊಂಡು ನೇರ ಆ ಅಂಗಡಿಗೆ ಹೋದರು.

"ನೀರಿಗೆ ಇಳ್ಸಿದ್ದು ಅವ್ರು ಮೇಡಂ. ನಾವೇನ್ ಮಾಡಾಣ?" ಎಂದ ಅಂಗಡಿಯವನು.

"ನೀರಾಗೆ ಹಿಂಗಾಗ್ತದೆ ಅಂತ ಒಂದು ಮಾತು ಹೇಳಿದ್ಯಾ? ಸೌಂಡ್ ಬಗ್ಗೆ ಹೊಗಳಿದ್ದೇ ಹೊಗಳಿದ್ದು! ಕಂಪನಿ ಡಬ್ಬಿ ಎಲ್ಲಿ, ಕೊಡು."

"ಅದು ಗುಜರಿಗೆ ಹೋತು."

"ಕೇಳ್ದೆ ಗುಜರಿಗೆ ಹಾಕಾಕೆ ಅದೇನು ನಿಂದಾ?" ಮಮತಾ ಅವರ ದನಿಗೆ ರಸ್ತೆಯಲ್ಲಿದ್ದವರು ತಿರುಗಿ ನೋಡಿದರು.

ಫಾಜಿಲ್ ಹೇಳಿದ: "ನಂದೂ ತಪ್ಪೈತೆ ಅಕ್ಕ. ನೀವು ಹೇಳಿದ್ರಿ, ನಾ ನಕ್ಕೆ. ತಂಗಿ ಬ್ಯಾಡ ಅಂದ್ಳು, ಕೇಳ್ಲಿಲ್ಲ. ಆದ್ರೆ ಇವ್ನು ಇನ್ನೊಬ್ರಿಗೆ ಹಿಂಗೆ ಕಟ್ಟಬಾರ್ದು. ಬರ್ರಿ, ದೂರು ಕೊಡಾಣ."

ಫಿಲ್ಟರ್ ಹಾಕಿಸಿದ ಬಿಲ್ಲನ್ನು ಶಬನಾ ಜೋಪಾನವಾಗಿ ಇಟ್ಟಿದ್ದಳು. ಅದನ್ನೇ ಹಿಡಿದು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದಾರೆ, ವಿಚಾರಣೆ ನಡೆಯುತ್ತಿದೆ. ಇಂಜಿನ್ ರಿಪೇರಿಯಾಗಿ, ಕಾರಿಗೆ ಈಗ ಹೊಸದಾಗಿ ಕೊಂಡ ಕಂಪನಿಯ ಡಬ್ಬಿಯೇ ಬಂದಿದೆ. ಆ ಮಳೆಯಾದ ಮರು ತಿಂಗಳು ಆತಿಕಾಗೆ ಹೆಣ್ಣು ಮಗು ಹುಟ್ಟಿತು.

ಕಾರು ಇರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮಗೂ ಇಂಥ ಆಸೆ ಇದ್ದೀತು. ಹಾಕಿಸುವ ಮೊದಲು ಬಾಯಿ ಬಿಟ್ಟು ಕೇಳಿ: ಫಿಲ್ಟರ್ ಎಲ್ಲಿ ಕೂರುತ್ತದೆ? ನೀರಿಗೆ ಸಿಗದಷ್ಟು ಎತ್ತರದಲ್ಲಿದೆಯೇ? ಎಷ್ಟು ದಿನಕ್ಕೆ ತೊಳೆಯಬೇಕು? ಉತ್ತರ ಕೊಡದ ಅಂಗಡಿಗೆ ಕಾರು ಬಿಡಬೇಡಿ. ಬಿಚ್ಚಿದ ಸಾಮಾನು ಮನೆಗೆ ತನ್ನಿ, ಬಿಲ್ ಕೇಳಿ ಪಡೆಯಿರಿ. ನಿಂತ ನೀರು ಕಂಡರೆ ಬೇರೆ ದಾರಿ ಹಿಡಿಯಿರಿ. ನೀರಿನಲ್ಲಿ ಇಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಕಾರು ಅಲ್ಲೇ ಇರಲಿ, ಮೊದಲು ನಿಮ್ಮವರನ್ನು ದಡಕ್ಕೆ ಕರೆತನ್ನಿ.