ಶಿವಾರ್ಪಣ ಎಂದು ಬರೆದರೆ ಸಾಲದು

ಗುಬ್ಬಿಯ ನಿವೃತ್ತ ಮೇಷ್ಟರು ಚನ್ನವೀರಯ್ಯನವರು ಪೂಜೆ ಮುಗಿಸಿ ಎದ್ದಿದ್ದರಷ್ಟೆ. ಮಗಳ ಗೆಳತಿ ಮಂಜುಶ್ರೀ ತಂದ ಸುದ್ದಿ ಕೇಳಿ ದಂಗಾಗಿ ನಿಂತರು.

"ತೆಗೆದುಹಾಕಿಬಿಟ್ರಾ? ನನ್ನ ಮಗಳು ಬರೆದದ್ದನ್ನಾ?"

"ಹೂಂ ಮೇಷ್ಟ್ರೇ. ಕುಣಿಗಲ್ ತರಬೇತಿ ಕೇಂದ್ರದ ಎಲ್ಲಾ ಕಂಪ್ಯೂಟರಿಂದ್ಲೂ."

ಮಗಳು ಯಶಸ್ವಿನಿ ಕಾಮಾಲೆಯಿಂದ ತೀರಿಕೊಂಡು ಎಂಟು ತಿಂಗಳಾಗಿತ್ತು. ತುಮಕೂರಿನ ಬಟವಾಡಿಯಲ್ಲಿ ಮಂಜುಶ್ರೀ ಜೊತೆ ಕೋಣೆ ಹಿಡಿದಿದ್ದಾಗ ಅವಳು ಒಂದು ಕೋಡ್ ಎಡಿಟರ್ ಬರೆದಿದ್ದಳು. ಅದರಲ್ಲಿ ಕೋಡ್ ಟೈಪ್ ಮಾಡಿದರೆ ತಪ್ಪನ್ನು ಕನ್ನಡದಲ್ಲೇ ತೋರಿಸುತ್ತಿತ್ತು. ಅದನ್ನು ಯಾವ ಪ್ರೋಗ್ರಾಮಿಗೆ ಬೇಕಾದರೂ ಜೋಡಿಸಬಹುದಿತ್ತು. 2005ರಲ್ಲಿ ಇಂಟರ್‌ನೆಟ್‌ಗೂ ಹಾಕಿದ್ದಳು. ಕುಣಿಗಲ್ ಕೇಂದ್ರದ ಮಕ್ಕಳ ಪಾಠದ ಪ್ರೋಗ್ರಾಮಿಗೆ ಮಂಜುಶ್ರೀ ಅದನ್ನೇ ಜೋಡಿಸಿದ್ದಳು.

"ಲೈಸೆನ್ಸ್ ಎಲ್ಲಿ ಅಂದ್ರು ಕೇಂದ್ರದೋರು. ಎಷ್ಟ್ ಹುಡುಕಿದ್ರೂ ಇಲ್ಲ."

"ಲೈಸೆನ್ಸ್ ಯಾಕಮ್ಮ? ಪ್ರತಿ ಫೈಲಿನ ಕೊನೇಲೂ ಶಿವಾರ್ಪಣಮಸ್ತು ಅಂತ ಬರ್ದವ್ಳೆ. ಶಿವನಿಗೆ ಕೊಟ್ಟಿದ್ದು ಎಲ್ರದೂ ಅಲ್ವಾ?"

"ಅದು ನಮಗ್ ಗೊತ್ತು, ಕಾನೂನಿಗ್ ಗೊತ್ತಿಲ್ಲ. ಅನುಮತಿ ಬರೆದು ಕೊಡದಿದ್ರೆ ಇನ್ನೊಬ್ರು ಬಳಸೋ ಹಾಗಿಲ್ಲ. ಅವಳು ಬರೀವಾಗ ಪಕ್ಕದಲ್ಲೇ ಕೂತಿದ್ದೆ, ನಂಗೂ ಹೊಳೀಲಿಲ್ಲ."

ಮೇಷ್ಟರ ಹೆಂಡತಿ ಸಿದ್ದಗಂಗಮ್ಮ ಅಡಿಗೆಮನೆಯಿಂದ ಬಂದರು. "ಹೋದೋಳ ಹತ್ರ ಸಹಿ ಹೆಂಗೆ ಹಾಕುಸ್ತೀಯೇ?"

"ಅವಳಿಗೆ ಮದುವೆ ಆಗಿರ್ಲಿಲ್ಲ. ಆ ಹಕ್ಕು ಈಗ ನಿಮ್ಮಿಬ್ರದ್ದಮ್ಮ."

ಸಿದ್ದಗಂಗಮ್ಮ ಕೈಲಿದ್ದ ಸೌಟು ಕೆಳಗಿಟ್ಟರು. "ನಮ್ದು ಅವ್ಳಿಗೆ ಹೋಗ್ಬೇಕಿತ್ತು ಕಣೇ. ಅವ್ಳದ್ದು ನಮಗೆ ಬರೋದು ಅಂದ್ರೇನು!"

ಆಮೇಲೆ ಮೇಷ್ಟರೇ ಪೆನ್ನು ತೆಗೆದರು. "ಶಾಲೆಗೆ ಮಾತ್ರ, ಮಾರೋ ಹಾಗಿಲ್ಲ ಅಂತ ಬರೀತೀನಿ."

"ಹಾಗ್ ಬರೆದ್ರೆ ಅದು ಓಪನ್ ಸೋರ್ಸೇ, ಅಂದ್ರೆ ಎಲ್ರಿಗೂ ಮುಕ್ತವಾದ ಕೋಡೇ, ಆಗಲ್ಲ ಮೇಷ್ಟ್ರೇ. ವ್ಯಾಪಾರ ಮಾಡೋನೂ ನಾಳೆ ಇದರ ತಪ್ಪು ತಿದ್ದಿ ಕೊಡ್ಬೋದು. ವಕೀಲರು ನೋಡಿ ಬರೆದ ಲೈಸೆನ್ಸ್‌ಗಳು ಆಗ್ಲೇ ಇವೆ. ಎಂಐಟಿ ಅಂದ್ರೆ, ಅವಳ ಹೆಸರು ಉಳಿಸ್ಕೊಂಡು ಯಾರು ಏನ್ ಬೇಕಾದ್ರೂ ಮಾಡ್ಕೊಳ್ಳಿ ಅಂತ. ಜಿಪಿಎಲ್ ಆದ್ರೆ, ಇದನ್ನ ಜೋಡಿಸಿ ಹಂಚೋರು ತಮ್ಮ ಪೂರ್ತಿ ಪ್ರೋಗ್ರಾಮಿನ ಕೋಡೂ ಕೊಡ್ಬೇಕು. ಎಲ್‌ಜಿಪಿಎಲ್ ನಡುವಿನದು. ಎಡಿಟರನ್ನ ತಿದ್ದಿ ಹಂಚಿದ್ರೆ ಆ ತಿದ್ದಿದ್ದನ್ನ ಕೊಡ್ಬೇಕು, ಅವರ ಸ್ವಂತ ಪ್ರೋಗ್ರಾಮ್ ಅವರದ್ದೇ."

"ಹೆಸ್ರು ಅಳಿಸ್ಬುಟ್ರೆ?" ಸಿದ್ದಗಂಗಮ್ಮ ಕೇಳಿದರು.

"ಮೂರರಲ್ಲೂ ಅಳಿಸೋ ಹಾಗಿಲ್ಲಮ್ಮ."

"ಹಂಗಾದ್ರೆ ನಡುವಿನದೇ ಹಾಕು. ತಿದ್ದಿದ್ದು ಎಲ್ರಿಗೂ ಸಿಗ್ಲಿ, ಅವ್ರವ್ರದ್ದು ಅವ್ರಿಗೇ ಇರ್ಲಿ. ರೀ, ನಿಮ್ಮ ಮೇಷ್ಟ್ರುತನ ಬುಡಿ, ಸಹಿ ಮಾಡಿ."

ಇಬ್ಬರೂ ಸಹಿ ಹಾಕಿದರು. ವಾರದೊಳಗೆ ಎಡಿಟರ್ ಕುಣಿಗಲ್ಲಿಗೆ ಮರಳಿತು. ತಿಂಗಳಾದ ಮೇಲೆ ಹುಲಿಯೂರುದುರ್ಗದ ಭೂಮಿಕಾ ಎಂಬ ವಿದ್ಯಾರ್ಥಿನಿ ಅದರಲ್ಲಿದ್ದ ಒಂದು ತಪ್ಪು ತಿದ್ದಿ ಕಳಿಸಿದಳು. ಫೈಲಿನಲ್ಲಿ ಮಗಳ ಹೆಸರಿನ ಕೆಳಗೆ ಆ ಹೊಸ ಹೆಸರನ್ನು ಕಂಡು ಮೇಷ್ಟರು ಎರಡನ್ನೂ ಹೆಂಡತಿಗೆ ಕೇಳುವಂತೆ ಓದಿದರು.

ಕೋಡ್ ಬರೆಯುವ ಮಕ್ಕಳೇ, ನಾಲ್ಕು ಜನ ಬಳಸಲೆಂದು ಬರೆದಿದ್ದರೆ ಯಾವ ಲೈಸೆನ್ಸ್ ಎಂದು ಯೋಚಿಸಿ, ಆ ಫೈಲನ್ನು ಇಂದೇ ಸೇರಿಸಿ. ಆ ಕೆಲಸಕ್ಕೆ ಕಾಲು ಗಂಟೆಯೂ ಬೇಡ. ನಿಮ್ಮ ಸಹಿಯನ್ನು ನೀವೇ ಹಾಕಿ, ಹೆತ್ತವರ ಕೈಯಿಂದ ಹಾಕಿಸಬೇಡಿ.